ದೂರವೂ ಹೊತ್ತೂ: ಬೆಂಗಳೂರು – ಸ್ಯಾನ್ ಫ್ರಾನ್ಸಿಸ್ಕೋ ವಿಮಾನಯಾನವನ್ನು ಕುರಿತ ಒಂದು ಪಾಠ

ಪೀಠಿಕೆ

ಶ್ರೀಮಠದ ವಿದ್ಯಾಸಂಸ್ಥೆಯ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ಕನ್ನಡ ಪಂಡಿತನಾದ ನನ್ನಿಂದ ಅವರು ನಿರೀಕ್ಷಿಸಿದ್ದುದು ಛಂದಸ್ಸನ್ನೋ ವ್ಯಾಕರಣವನ್ನೋ ಕುರಿತ ಬರಹವನ್ನಾಗಿದ್ದಿರಬೇಕು. ಭೂಗೋಳ, ಗಣಿತಗಳಿಗೆ ಸೇರಿದ ವಿಷಯವನ್ನು ನಾನು ಕೈಗೆತ್ತಿಕೊಂಡುದನ್ನು ಕಂಡು ಆ ವಿಷಯಗಳನ್ನು ಬೋಧಿಸುವ ಸಹೋದ್ಯೋಗಿಗಳು ಮುಗುಳ್ನಗಬಹುದು. ಇದಕ್ಕೆ ಕಾರಣ ನನ್ನ ಪಾಂಡಿತ್ಯವಲ್ಲ. ನನ್ನದೇ ಒಂದು ತಪ್ಪು. ಅದನ್ನು ಮೊದಲು ನಿವೇದಿಸಿಕೊಂಡು ಆಮೇಲೆ ಪಾಠಕ್ಕೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ, ಮಾಗಿಯ ದಿನಗಳಲ್ಲಿ, ಪಿರಿಯಾಪಟ್ಟಣ ತಾಲ್ಲೂಕಿನ ಗ್ರಾಮವೊಂದರಲ್ಲಿ ಹಿರಿಯ ರೈತರೊಬ್ಬರು ಶುಕ್ರವಾರ ಸಂಜೆ ಐದು ಗಂಟೆಗೆ ಶಿವೈಕ್ಯರಾದರು. ಹೊಗೆಸೊಪ್ಪು ಬೆಳೆದು, ಬ್ಯಾರನ್ನಿನ ಉರಿಯ ಮುಂದೆ ರಾತ್ರಿಗಳನ್ನು ಕಳೆದು, ಒಬ್ಬನೇ ಮಗನನ್ನು ಓದಿಸಿದವರು. ಆ ಮಗ ನಮ್ಮ ಶಾಲೆಯಲ್ಲಿಯೇ ಓದಿ, ನನ್ನ ತರಗತಿಯಲ್ಲಿಯೇ ಕುಳಿತು ಕನ್ನಡ ಕಲಿತು, ಮುಂದೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಬಳಿ ಉದ್ಯೋಗದಲ್ಲಿದ್ದವನು. ಸುದ್ದಿ ತಿಳಿದ ಮಗ ದೂರವಾಣಿಯಲ್ಲಿ ಹೇಳಿದ ಮಾತನ್ನು ಮನೆಯವರಲ್ಲೊಬ್ಬರು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದರು: ‘ಶುಕ್ರವಾರ ರಾತ್ರಿ ೮ಕ್ಕೆ ವಿಮಾನ, ೧೭ ಗಂಟೆ.’ ಅಷ್ಟೇ.

ಶನಿವಾರ ಮುಂಜಾನೆ ಆರು ಗಂಟೆಗೆ ನಾನು ಅಲ್ಲಿಗೆ ಹೋದೆ. ಪಂಚಾಂಗ ಬಲ್ಲವನೆಂಬ ಗೌರವದಿಂದ ಊರ ಹಿರಿಯರು ಚೀಟಿಯನ್ನು ನನ್ನ ಕೈಗೆ ಕೊಟ್ಟು, “ಪಂಡಿತರೇ, ಮಗ ಬರುವುದು ಯಾವ ಹೊತ್ತಿಗೆ, ನೀವೇ ಗುಣಿಸಿ ಹೇಳಿ” ಎಂದರು. ನಾನು ಬೆರಳು ಮಡಿಚಿದೆ. ರಾತ್ರಿ ಎಂಟಕ್ಕೆ ಹದಿನೇಳು ಗಂಟೆ ಕೂಡಿಸಿದರೆ ಶನಿವಾರ ಮಧ್ಯಾಹ್ನ ಒಂದು. ಹೊರಬರಲು ಒಂದೂವರೆ ಗಂಟೆ, ರಸ್ತೆಯಲ್ಲಿ ಐದು ಗಂಟೆ. “ಸಂಜೆ ಏಳೂವರೆಗೆ ಮನೆಯ ಬಾಗಿಲಲ್ಲಿರುತ್ತಾನೆ” ಎಂದು ನಿಸ್ಸಂದೇಹವಾಗಿ ನುಡಿದೆ. ಸಂಜೆಯವರೆಗೆ ತಾನೆ ಎಂದು, ದೇಹವನ್ನು ಇರಿಸುವ ಫ್ರೀಜರ್ ಪೆಟ್ಟಿಗೆಯನ್ನು ಮೈಸೂರಿನಿಂದ ತರಿಸುವ ಆಲೋಚನೆಯನ್ನು ಬಿಟ್ಟರು. ದೇವನಹಳ್ಳಿಗೆ ಕಾರು ಹೊರಟಿತು.

ಕತ್ತಲಾಗುವ ಹೊತ್ತಿಗೆ ಕಾರಿನ ಚಾಲಕ ಕರೆಮಾಡಿ, ಆ ವಿಮಾನ ಬರುವುದು ನಡುರಾತ್ರಿ ಕಳೆದು ಎರಡೂವರೆಗೆ ಎಂದು ವಿಚಾರಿಸಿ ತಿಳಿದುದನ್ನು ಹೇಳಿದ. ಆಗ ಪೆಟ್ಟಿಗೆ ತರಿಸುವ ಕಾಲ ಮೀರಿತ್ತು. ಹಿರಿಯರು ಕೂಡಿ ಯೋಚಿಸಿ, ಇನ್ನು ತಡೆಯಲಾಗದೆಂದು, ರಾತ್ರಿ ದೀಪದ ಬೆಳಕಿನಲ್ಲಿ ಸಮಾಧಿಕಾರ್ಯವನ್ನು ಮುಗಿಸಿದರು. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಮಗ ಬಂದ. ಹಸಿಮಣ್ಣಿನ ಮುಂದೆ ಬಹಳ ಹೊತ್ತು ಕುಳಿತಿದ್ದ. ಆಮೇಲೆ ನನ್ನ ಬಳಿಗೆ ಬಂದು, “ಮೇಷ್ಟ್ರೇ, ತಪ್ಪು ನನ್ನದು. ಇಳಿಯುವ ಹೊತ್ತನ್ನು ನಾನು ಹೇಳಬೇಕಾಗಿತ್ತು” ಎಂದ. ತಪ್ಪು ಅವನದಾಗಿರಲಿಲ್ಲ. ಅವನು ಹೇಳಿದ ‘ಶುಕ್ರವಾರ ರಾತ್ರಿ ಎಂಟು’ ಅವನ ಊರಿನ ರಾತ್ರಿ ಎಂಟು. ಅದು ನಮ್ಮೂರಿನ ಶನಿವಾರ ಬೆಳಿಗ್ಗೆ ಒಂಬತ್ತೂವರೆ. ನಾನು ಆ ಚೀಟಿಯನ್ನು ಓದುತ್ತಿದ್ದಾಗ ಅವನು ಇನ್ನೂ ವಿಮಾನವನ್ನು ಹತ್ತಿಯೇ ಇರಲಿಲ್ಲ! ವಿಮಾನದಲ್ಲಿರುವವನಿಗೆ ಕರೆ ಹೋಗದೆಂದು ಯಾರೂ ಕರೆಮಾಡಲಿಲ್ಲ. ಮಾಡಿದ್ದರೆ ಅವನೇ ಎತ್ತಿಕೊಳ್ಳುತ್ತಿದ್ದ.

ದೂರದ ಎರಡು ಊರುಗಳ ನಡುವಿನ ಅಂತರವನ್ನೂ ಪ್ರಯಾಣದ ಕಾಲವನ್ನೂ ಸರಿಯಾಗಿ ಗುಣಿಸುವುದು ಹೇಗೆಂಬುದನ್ನು ಅಂದಿನಿಂದ ನಾನು ಕಲಿಯತೊಡಗಿದೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ಎಷ್ಟೋ ಮನೆಗಳ ಮಕ್ಕಳು ಇಂದು ಸಮುದ್ರದಾಚೆ ಇದ್ದಾರೆ. ಕಲಿತುದನ್ನು ಪಾಠದ ರೂಪದಲ್ಲಿ ಓದುಗರ ಮುಂದಿಡುತ್ತೇನೆ.

೧. ದೂರವೆಂದರೆ ಯಾವ ದೂರ?

ನಮ್ಮ ಹಿರಿಯರು ದೂರವನ್ನು ಕೂಗಳತೆ, ಹರದಾರಿ, ಗಾವುದಗಳಿಂದ ಅಳೆಯುತ್ತಿದ್ದರು. ಕೂಗಿದರೆ ಕೇಳಿಸುವಷ್ಟು ದೂರ ಕೂಗಳತೆ; ಸುಮಾರು ಮೂರು ಮೈಲಿ ಒಂದು ಹರದಾರಿ. ಕಾಲುನಡಿಗೆಯವನಿಗೆ ದೂರವೆಂದರೆ ದಾರಿಯ ದೂರ. ಹುಣಸೂರಿನಿಂದ ಹೆಗ್ಗಡದೇವನಕೋಟೆಗೆ ಹಕ್ಕಿ ಹಾರಿದಂತೆ ನೇರವಾಗಿ ಅಳೆದರೆ ಸುಮಾರು ೨೪ ಕಿಲೋಮೀಟರು. ಬಸ್ಸಿನಲ್ಲಿ ಹೋಗುವವನು ಕ್ರಮಿಸುವುದು ಅದಕ್ಕಿಂತ ಹೆಚ್ಚು. ಆದುದರಿಂದ ದೂರ ಎರಡು ಬಗೆ: ನೆಲೆಯಿಂದ ನೆಲೆಗಿರುವ ನೇರ ದೂರ ಒಂದು, ನಡೆದ ದಾರಿಯ ದೂರ ಮತ್ತೊಂದು. ವಿಮಾನಕ್ಕೂ ಈ ಎರಡು ದೂರಗಳುಂಟು.

ಇನ್ನು ನೇರ ಎಂಬ ಮಾತನ್ನು ವಿಚಾರಿಸೋಣ. ಗೋಡೆಯ ಮೇಲಿನ ಭೂಪಟದಲ್ಲಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಅಳತೆಪಟ್ಟಿ ಇಟ್ಟು ಗೆರೆ ಎಳೆಯಿರಿ. ಪೂರ್ವಾಭಿಮುಖವಾಗಿ ಪೆಸಿಫಿಕ್ ಸಾಗರವನ್ನು ದಾಟಿ ಹೋಗುವ ಆ ಗೆರೆ ನೋಟಕ್ಕೆ ನೇರ. ಆದರೆ ಭೂಮಿ ಚಪ್ಪಟೆಯಲ್ಲ. ಗೋಳದ ಸಿಪ್ಪೆಯನ್ನು ಸುಲಿದು ಹಾಳೆಯ ಮೇಲೆ ಹರಡಿದಾಗ ಧ್ರುವಗಳ ಬಳಿಯ ನೆಲ ಹಿಗ್ಗಿ ತೋರುತ್ತದೆ. ಭೂಪಟದ ಆ ಗೆರೆಯನ್ನು ಹಿಡಿದು ಹೊರಟ ವಿಮಾನ ಸುಮಾರು ೧೬,೧೦೦ ಕಿಲೋಮೀಟರು ಹಾರಬೇಕಾಗುತ್ತದೆ. ಅದಕ್ಕಿಂತ ಎರಡು ಸಾವಿರ ಕಿಲೋಮೀಟರು ಕಡಮೆಯಾದ ದಾರಿಯೊಂದುಂಟು. ಅದನ್ನು ಕಾಣಬೇಕಾದರೆ ಭೂಪಟವನ್ನು ಬಿಟ್ಟು ಗೋಳದ ಬಳಿಗೆ ಹೋಗಬೇಕು.

ನಮ್ಮ ಶಾಲೆಯ ಗೋಳವನ್ನು ತೆಗೆದುಕೊಂಡು ನಾನು ಮಾಡಿದ ಪ್ರಯೋಗ ಇದು. ಗೋಳದ ನಡುವಿನ ಸುತ್ತಳತೆ ೯೬ ಸೆಂಟಿಮೀಟರು. ಭೂಮಿಯ ಸುತ್ತಳತೆ ೪೦,೦೦೦ ಕಿಲೋಮೀಟರಿಗೆ ತುಸು ಹೆಚ್ಚು. ಭಾಗಿಸಿದರೆ ಒಂದು ಸೆಂಟಿಮೀಟರಿಗೆ ಸುಮಾರು ೪೧೭ ಕಿಲೋಮೀಟರು ಬರುತ್ತದೆ. ಒಂದು ದಾರವನ್ನು ಬೆಂಗಳೂರಿನ ಮೇಲೆ ಒತ್ತಿಹಿಡಿದು, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋದ ಮೇಲಿಟ್ಟು ಬಿಗಿಯಾಗಿ ಎಳೆದರೆ, ದಾರ ತಾನಾಗಿಯೇ ಜಾರಿ ಉತ್ತರಕ್ಕೆ ಸರಿಯುತ್ತದೆ. ಟಿಬೆಟ್, ಮಂಗೋಲಿಯ, ಸೈಬೀರಿಯಗಳನ್ನು ಹಾದು, ಉತ್ತರ ಸಾಗರದ ಅಂಚನ್ನು ಮುಟ್ಟಿ, ಅಲಾಸ್ಕದ ಕಡೆಯಿಂದ ಇಳಿಯುತ್ತದೆ. ಅದರ ಉದ್ದ ಮೂವತ್ತಮೂರೂವರೆ ಸೆಂಟಿಮೀಟರು. ೪೧೭ರಿಂದ ಗುಣಿಸಿದರೆ ೧೩,೯೭೦. ನಿಖರವಾದ ಗಣಿತದಿಂದ ಬರುವ ದೂರ ಸುಮಾರು ೧೩,೯೯೦ ಕಿಲೋಮೀಟರು. ಒಂದು ದಾರದಿಂದ ಇಷ್ಟು ಹತ್ತಿರದ ಉತ್ತರ ದೊರೆಯುವುದನ್ನು ಕಂಡು ಹುಡುಗರು ಹಿಗ್ಗಿದರು, ನಾನೂ ಹಿಗ್ಗಿದೆ.

ಬಿಗಿದ ದಾರ ಹಿಡಿದ ಈ ದಾರಿಗೆ ಮಹಾವೃತ್ತವೆಂದು ಹೆಸರು. ಗೋಳವನ್ನು ಅದರ ಕೇಂದ್ರದ ಮೂಲಕ ಎರಡು ಸಮಭಾಗವಾಗಿ ಸೀಳುವ ವೃತ್ತವೇ ಮಹಾವೃತ್ತ. ಗೋಳದ ಮೇಲಿನ ಎರಡು ಬಿಂದುಗಳ ನಡುವೆ ಅತ್ಯಲ್ಪ ದೂರದ ದಾರಿ ಈ ವೃತ್ತದ ತುಂಡೇ ಆಗಿರುತ್ತದೆ.

೨. ಧ್ರುವವನ್ನು ನಡುವಿಟ್ಟು ಮಾಡುವ ಲೆಕ್ಕ

ದಾರವಿಲ್ಲದೆ, ಕಾಗದದ ಮೇಲೆಯೇ ಈ ದೂರವನ್ನು ಅಂದಾಜು ಮಾಡಬಹುದು. ಬೆಂಗಳೂರಿನ ವಿಮಾನ ನಿಲ್ದಾಣದ ಅಕ್ಷಾಂಶ ಉತ್ತರ ೧೩ ಅಂಶ ೧೨ ಕಲೆ. ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣದ್ದು ಉತ್ತರ ೩೭ ಅಂಶ ೩೭ ಕಲೆ. ಧ್ರುವದ ಅಕ್ಷಾಂಶ ೯೦. ಬೆಂಗಳೂರಿನಿಂದ ಧ್ರುವಕ್ಕೆ ೭೬ ಅಂಶ ೪೮ ಕಲೆ; ಧ್ರುವದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ೫೨ ಅಂಶ ೨೩ ಕಲೆ. ಕೂಡಿಸಿದರೆ ೧೨೯ ಅಂಶ ೧೧ ಕಲೆ. ಒಂದು ಅಂಶಕ್ಕೆ ಸುಮಾರು ೧೧೧.೨ ಕಿಲೋಮೀಟರು. ಗುಣಲಬ್ಧ ಸುಮಾರು ೧೪,೩೬೫ ಕಿಲೋಮೀಟರು. ಇದು ಸರಿಯಾಗಿ ಉತ್ತರ ಧ್ರುವದ ಮೇಲೆಯೇ ಹಾದುಹೋಗುವ ದಾರಿ.

ನಿಜವಾದ ಕನಿಷ್ಠ ದೂರ ಇದಕ್ಕಿಂತ ಸುಮಾರು ೩೭೫ ಕಿಲೋಮೀಟರು ಕಡಮೆ. ಕಾರಣವೇನು? ಬೆಂಗಳೂರು ಪೂರ್ವ ರೇಖಾಂಶ ೭೭ ಅಂಶ ೪೨ ಕಲೆಯಲ್ಲಿಯೂ ಸ್ಯಾನ್ ಫ್ರಾನ್ಸಿಸ್ಕೋ ಪಶ್ಚಿಮ ರೇಖಾಂಶ ೧೨೨ ಅಂಶ ೨೩ ಕಲೆಯಲ್ಲಿಯೂ ಇವೆ. ಎರಡನ್ನೂ ಕೂಡಿಸಿದರೆ ೨೦೦ ಅಂಶ ೫ ಕಲೆ. ಈ ಮೊತ್ತ ಸರಿಯಾಗಿ ೧೮೦ ಆಗಿದ್ದರೆ ಕನಿಷ್ಠ ದೂರದ ದಾರಿ ಧ್ರುವದ ಮೇಲೆಯೇ ಹೋಗುತ್ತಿತ್ತು. ಇಪ್ಪತ್ತು ಅಂಶ ವ್ಯತ್ಯಾಸವಿರುವುದರಿಂದ ದಾರಿ ಧ್ರುವವನ್ನು ಮುಟ್ಟದೆ, ೭೧ನೆಯ ಅಕ್ಷಾಂಶದವರೆಗೆ ಏರಿ ಮತ್ತೆ ಇಳಿಯುತ್ತದೆ. ಕೋನದಲ್ಲಿ ಹೇಳುವುದಾದರೆ ಅದು ೧೨೫ ಅಂಶ ೪೮ ಕಲೆ.

ಇಲ್ಲಿ ನನ್ನ ಮನಸ್ಸಿಗೆ ಬಹಳ ಸಂತೋಷ ಕೊಟ್ಟ ಸಂಗತಿಯೊಂದುಂಟು. ವೈಮಾನಿಕರೂ ನಾವಿಕರೂ ಬಳಸುವ ದೂರದ ಮಾನ ನಾಟಿಕಲ್ ಮೈಲಿ, ಅದು ೧.೮೫೨ ಕಿಲೋಮೀಟರು. ಭೂಮಿಯ ಮಹಾವೃತ್ತದ ಒಂದು ಕಲೆಯ ಅಳತೆಯೇ ಈ ಮಾನಕ್ಕೆ ಮೂಲ. ನಮ್ಮ ಸಿದ್ಧಾಂತ ಗ್ರಂಥಗಳಲ್ಲಿಯೂ ಅಂಶದ ಅರುವತ್ತನೆಯ ಒಂದು ಪಾಲಿಗೆ ಕಲೆ ಎಂದೇ ಹೆಸರು. ೧೨೫ ಅಂಶ ೪೮ ಕಲೆಗಳನ್ನು ಕಲೆಗಳಾಗಿ ಬಿಡಿಸಿದರೆ ೭,೫೪೮. ಅದೇ ನಾಟಿಕಲ್ ಮೈಲಿಗಳಲ್ಲಿ ಈ ಎರಡು ನಗರಗಳ ನಡುವಿನ ದೂರ. ಆರ್ಯಭಟನು ಭೂವ್ಯಾಸವನ್ನು ೧,೦೫೦ ಯೋಜನವೆಂದೂ, ಎರಡನೆಯ ಭಾಸ್ಕರಾಚಾರ್ಯನು ಭೂಪರಿಧಿಯನ್ನು ೪,೯೬೭ ಯೋಜನವೆಂದೂ ಹೇಳಿದ್ದಾರೆ. ಇಬ್ಬರ ಯೋಜನಗಳ ಅಳತೆ ಬೇರೆ ಬೇರೆ. ಭೂಮಿ ಗೋಳವೆಂಬುದರಲ್ಲಿ ಮಾತ್ರ ಇಬ್ಬರಿಗೂ ಸಂದೇಹವಿರಲಿಲ್ಲ. ವಿಮಾನವೆಂಬ ಶಬ್ದವೂ ‘ಅಳೆ’ ಎಂಬ ಅರ್ಥದ ‘ಮಾ’ ಧಾತುವಿನಿಂದ ಬಂದುದು. ಅಳೆಯುತ್ತ ಸಾಗುವುದೆಂಬ ಭಾವ ಆ ಮಾತಿನಲ್ಲಿಯೇ ಇದೆ.

೩. ಹೊತ್ತು ಎಂಬ ಕನ್ನಡ ಮಾತು

ದೂರವನ್ನು ಕಂಡುಕೊಂಡೆವು. ನಾನು ತಪ್ಪಿದ್ದುದು ಹೊತ್ತಿನಲ್ಲಿ. ಹಳಗನ್ನಡದ ‘ಪೊೞ್ತು’ ಇಂದಿನ ಹೊತ್ತು. ಈ ಮಾತಿಗೆ ಕಾಲವೆಂಬ ಅರ್ಥವೂ ಸೂರ್ಯನೆಂಬ ಅರ್ಥವೂ ಉಂಟು. ‘ಹೊತ್ತು ಹುಟ್ಟಿತು, ಹೊತ್ತು ಮುಳುಗಿತು’ ಎಂಬಲ್ಲಿ ಹೊತ್ತೆಂದರೆ ಸೂರ್ಯ. ‘ಹೊತ್ತು ಹೋಗದು’ ಎಂಬಲ್ಲಿ ಕಾಲ. ನಮ್ಮ ಭಾಷೆ ಕಾಲವನ್ನು ಸೂರ್ಯನಿಂದ ಬೇರ್ಪಡಿಸಲಿಲ್ಲ. ಸೂರ್ಯನಾದರೋ ಎಲ್ಲ ಊರುಗಳಿಗೂ ಒಮ್ಮೆಗೇ ಉದಯಿಸುವುದಿಲ್ಲ. ಆದುದರಿಂದ ಒಂದೊಂದು ಊರಿಗೆ ಒಂದೊಂದು ಹೊತ್ತು.

ಭೂಮಿ ೨೪ ಗಂಟೆಗಳಲ್ಲಿ ೩೬೦ ಅಂಶ ತಿರುಗುತ್ತದೆ. ಗಂಟೆಗೆ ೧೫ ಅಂಶ. ಒಂದು ಅಂಶಕ್ಕೆ ನಾಲ್ಕು ನಿಮಿಷ. ನಮ್ಮ ಪದ್ಧತಿಯಲ್ಲಿ ಹೇಳಿದರೆ ದಿನಕ್ಕೆ ೬೦ ಗಳಿಗೆ, ಗಳಿಗೆಗೆ ೬ ಅಂಶ. ಪಿರಿಯಾಪಟ್ಟಣದ ರೇಖಾಂಶ ಸುಮಾರು ೭೬ ಅಂಶ ೬ ಕಲೆ, ಕೃಷ್ಣರಾಜನಗರದ್ದು ಸುಮಾರು ೭೬ ಅಂಶ ೨೩ ಕಲೆ. ೧೭ ಕಲೆಗಳ ಈ ಅಂತರಕ್ಕೆ ಒಂದು ನಿಮಿಷ ಎಂಟು ಸೆಕೆಂಡು. ಕೃಷ್ಣರಾಜನಗರದವರ ನೆತ್ತಿಗೆ ಬಂದ ಸೂರ್ಯ ಪಿರಿಯಾಪಟ್ಟಣದವರ ನೆತ್ತಿಗೆ ಬರಲು ಅಷ್ಟು ಹೊತ್ತು ಬೇಕು. ಆದರೂ ಎರಡು ಊರುಗಳ ಗಡಿಯಾರಗಳು ಒಂದನ್ನೇ ತೋರಿಸುತ್ತವೆ. ೧೯೦೬ರಲ್ಲಿ ಜಾರಿಗೆ ಬಂದ ಭಾರತೀಯ ಪ್ರಮಾಣಕಾಲ ೮೨ ಅಂಶ ೩೦ ಕಲೆಯ ರೇಖಾಂಶಕ್ಕೆ ಕಟ್ಟಿದ ಕಾಲ. ಹುಣಸೂರು ಆ ರೇಖೆಗಿಂತ ಸುಮಾರು ೬ ಅಂಶ ೧೩ ಕಲೆ ಪಶ್ಚಿಮಕ್ಕಿದೆ. ಆದುದರಿಂದ ಹುಣಸೂರಿನಲ್ಲಿ ಸೂರ್ಯ ನೆತ್ತಿಗೇರುವುದು, ವರ್ಷದ ಸರಾಸರಿಯಲ್ಲಿ, ಗಡಿಯಾರದ ಹನ್ನೆರಡಕ್ಕಲ್ಲ. ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷಕ್ಕೆ. ಪಂಚಾಂಗ ನೋಡುವವರು ಊರಿಗೆ ತಕ್ಕಂತೆ ಮಾಡಿಕೊಳ್ಳುವ ದೇಶಾಂತರ ಸಂಸ್ಕಾರವೆಂದರೆ ಇದೇ. ದಿನವೂ ಈ ಸಂಸ್ಕಾರವನ್ನು ಮಾಡುತ್ತಿದ್ದ ನಾನು, ಅಂದು ಮಾಡಲೇಬೇಕಾದ ಕಡೆ ಮರೆತೆ.

ಸ್ಯಾನ್ ಫ್ರಾನ್ಸಿಸ್ಕೋ ನಗರದ ಪ್ರಮಾಣಕಾಲ ಪಶ್ಚಿಮ ೧೨೦ ಅಂಶಕ್ಕೆ ಕಟ್ಟಿದುದು. ನಮ್ಮ ೮೨ ಅಂಶ ೩೦ ಕಲೆಯನ್ನು ಅದಕ್ಕೆ ಕೂಡಿಸಿದರೆ ೨೦೨ ಅಂಶ ೩೦ ಕಲೆ. ಅಂಶಕ್ಕೆ ನಾಲ್ಕು ನಿಮಿಷದಂತೆ ೮೧೦ ನಿಮಿಷ, ಎಂದರೆ ಹದಿಮೂರೂವರೆ ಗಂಟೆ. ಅವರ ಗಡಿಯಾರ ನಮ್ಮದಕ್ಕಿಂತ ಅಷ್ಟು ಹಿಂದೆ. ಅಮೆರಿಕದವರು ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ, ನವೆಂಬರ್ ತಿಂಗಳ ಮೊದಲನೆಯ ಭಾನುವಾರ ಹಿಂದಕ್ಕೆ ತರುತ್ತಾರೆ. ಆ ತಿಂಗಳುಗಳಲ್ಲಿ ಅಂತರ ಹನ್ನೆರಡೂವರೆ ಗಂಟೆ.

ಆರ್ಯಭಟನು ಗೋಳಪಾದದಲ್ಲಿ ಭೂಮಧ್ಯರೇಖೆಯ ಮೇಲೆ ತೊಂಬತ್ತು ತೊಂಬತ್ತು ಅಂಶಗಳ ಅಂತರದಲ್ಲಿ ನಾಲ್ಕು ನಗರಗಳನ್ನು ಕಲ್ಪಿಸಿದ್ದಾನೆ. ಲಂಕೆಯಲ್ಲಿ ಸೂರ್ಯೋದಯವಾದಾಗ ಸಿದ್ಧಪುರದಲ್ಲಿ ಸೂರ್ಯಾಸ್ತ, ಯವಕೋಟಿಯಲ್ಲಿ ಮಧ್ಯಾಹ್ನ, ರೋಮಕದಲ್ಲಿ ನಡುರಾತ್ರಿ ಎಂಬುದು ಅವನ ನಿರೂಪಣೆ. ಲಂಕೆಯ ರೇಖೆ ಉಜ್ಜಯಿನಿಯ ಮೇಲೆ ಹಾದುಬರುವುದು. ನಮ್ಮ ನಾಲ್ಕು ತಾಲ್ಲೂಕುಗಳು ಆ ಉಜ್ಜಯಿನೀ ರೇಖೆಗೆ ಒಂದು ಅಂಶದೊಳಗೇ ಇವೆ. ಆ ರೇಖೆಯ ಎದುರು ರೇಖೆ, ಎಂದರೆ ಸಿದ್ಧಪುರದ ರೇಖೆ, ಅಮೆರಿಕದ ನಡುನಾಡಿನ ಮೇಲೆ ಹಾಯುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ಅದರಿಂದ ಹದಿನೆಂಟು ಅಂಶ ಪಶ್ಚಿಮಕ್ಕೆ. ಕ್ರಿ.ಶ. ೪೯೯ರ ಕಾಲದ ಆ ಗ್ರಂಥವನ್ನು ಪಾಠ ಹೇಳಿಸಿಕೊಂಡವನು ನಾನು. ಸಿದ್ಧಪುರದಲ್ಲಿ ಕುಳಿತ ಶಿಷ್ಯನ ಸಂಜೆಯನ್ನು ನನ್ನ ಸಂಜೆಯೆಂದು ಭ್ರಮಿಸಿದೆ! ಓದಿದ ವಿದ್ಯೆ ಒದಗದಿದ್ದರೆ ಅದು ಪುಸ್ತಕದಲ್ಲಿಯೇ ಉಳಿದ ವಿದ್ಯೆ.

೪. ಪ್ರಯಾಣದ ಕಾಲವನ್ನು ನಿರ್ಣಯಿಸುವ ಸಂಗತಿಗಳು

ದೂರವನ್ನು ವೇಗದಿಂದ ಭಾಗಿಸಿದರೆ ಕಾಲ ಬರುತ್ತದೆಂಬುದು ಪ್ರಾಥಮಿಕ ಗಣಿತ. ದೊಡ್ಡ ಜೆಟ್ ವಿಮಾನ ಗಾಳಿಯಲ್ಲಿ ಗಂಟೆಗೆ ಸುಮಾರು ೯೦೦ ಕಿಲೋಮೀಟರು ಸಾಗುತ್ತದೆ. ೧೩,೯೯೦ನ್ನು ೯೦೦ರಿಂದ ಭಾಗಿಸಿದರೆ ಹದಿನೈದೂವರೆ ಗಂಟೆ. ಆದರೆ ನಿಜವಾದ ಪ್ರಯಾಣಕ್ಕೆ ಹದಿನಾರು, ಹದಿನೇಳು, ಕೆಲವೊಮ್ಮೆ ಅದಕ್ಕೂ ಹೆಚ್ಚು ಗಂಟೆ ಹಿಡಿಯುತ್ತದೆ. ಇದಕ್ಕೆ ಮೂರು ಕಾರಣಗಳನ್ನು ಹೇಳಬಹುದು.

ಮೊದಲನೆಯದು ಏರಿಳಿತ. ನೆಲದಿಂದೆದ್ದು ಹತ್ತು ಹನ್ನೆರಡು ಕಿಲೋಮೀಟರು ಎತ್ತರವನ್ನು ಮುಟ್ಟುವವರೆಗೂ, ಮತ್ತೆ ಇಳಿಯುವಾಗಲೂ ವೇಗ ಕಡಮೆ.

ಎರಡನೆಯದು ಗಾಳಿ. ಆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸದ ವಾಯುಪ್ರವಾಹಗಳಿರುತ್ತವೆ. ಚಳಿಗಾಲದಲ್ಲಿ ಅವುಗಳ ವೇಗ ಗಂಟೆಗೆ ೨೦೦ ಕಿಲೋಮೀಟರನ್ನೂ ಮೀರುವುದುಂಟು. ಕಾವೇರಿಯಲ್ಲಿಯೋ ಕಪಿಲೆಯಲ್ಲಿಯೋ ಹರಿಗೋಲು ಹಾಕಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೀರು ಹರಿಯುವ ಕಡೆಗೆ ಹೋಗುವುದು ಸುಲಭ, ಎದುರು ಹೋಗುವುದು ಕಷ್ಟ. ಹೋಗುವಾಗ ಲಾಭ, ಬರುವಾಗ ನಷ್ಟ, ಎರಡೂ ಸರಿಹೋಗುತ್ತವೆಂದು ಕೆಲವರು ಭಾವಿಸುತ್ತಾರೆ. ಅದು ಸರಿಯಲ್ಲ. ೮,೦೦೦ ಕಿಲೋಮೀಟರು ದೂರವನ್ನು ೯೦೦ರ ವೇಗದಲ್ಲಿ ಹೋಗಿಬರುವ ವಿಮಾನವನ್ನು ತೆಗೆದುಕೊಳ್ಳಿ. ಗಾಳಿಯಿಲ್ಲದಿದ್ದರೆ ಒಟ್ಟು ೧೭ ಗಂಟೆ ೪೭ ನಿಮಿಷ. ೧೦೦ರ ವೇಗದ ಗಾಳಿ ಬೀಸಿದರೆ ಹೋಗಲು ೧,೦೦೦ದ ವೇಗದಲ್ಲಿ ೮ ಗಂಟೆ, ಬರಲು ೮೦೦ರ ವೇಗದಲ್ಲಿ ೧೦ ಗಂಟೆ, ಒಟ್ಟು ೧೮ ಗಂಟೆ. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರಬೇಕಾಗುವುದರಿಂದ ನಷ್ಟವೇ ಮಿಗಿಲು.

ಮೂರನೆಯದು ದಾರಿ. ಮಹಾವೃತ್ತ ಗಣಿತದ ದಾರಿ. ವಿಮಾನ ಹಿಡಿಯುವುದು ಲೋಕದ ದಾರಿ. ಟಿಬೆಟ್ಟಿನ ಎತ್ತರದ ಪ್ರಸ್ಥಭೂಮಿಯ ಮೇಲೆ ಅಪಾಯ ಒದಗಿದರೆ ಕೆಳಗಿಳಿದು ಹಾರಲು ಅವಕಾಶ ಸಾಲದು. ಆದುದರಿಂದ ಅದನ್ನು ಸಾಮಾನ್ಯವಾಗಿ ಬಳಸಿ ಹೋಗುತ್ತಾರೆ. ಎರಡು ಎಂಜಿನ್ನುಗಳ ವಿಮಾನ, ಒಂದು ಕೆಟ್ಟರೆ ನಿಗದಿಯಾದ ಕಾಲದೊಳಗೆ ಇಳಿಯಬಲ್ಲ ನಿಲ್ದಾಣವೊಂದನ್ನು ದಾರಿಯುದ್ದಕ್ಕೂ ಲೆಕ್ಕದಲ್ಲಿಟ್ಟುಕೊಂಡಿರಬೇಕು. ಧ್ರುವದ ಬಳಿ ಕಾಂತಸೂಚಿಯನ್ನು ನಂಬಲಾಗದು. ಅತಿಶೈತ್ಯದಿಂದ ಇಂಧನ ಹೆಪ್ಪುಗಟ್ಟದಂತೆ ಎಚ್ಚರವಹಿಸಬೇಕು. ಇವೆಲ್ಲಕ್ಕೂ ಮಿಗಿಲಾಗಿ ರಾಜ್ಯಗಳ ಮನಸ್ತಾಪ. ೨೦೨೨ರಲ್ಲಿ ಯುಕ್ರೇನ್ ಯುದ್ಧ ಆರಂಭವಾದ ಮೇಲೆ ರಷ್ಯವು ಅಮೆರಿಕ ಮತ್ತು ಯೂರೋಪಿನ ಅನೇಕ ದೇಶಗಳ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿತು. ೨೦೨೫ರ ಏಪ್ರಿಲ್ ೨೪ರಂದು ಪಾಕಿಸ್ತಾನವು ಭಾರತೀಯ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿದಾಗ, ದಿಲ್ಲಿಯಿಂದ ಪಶ್ಚಿಮಕ್ಕೆ ಹೋಗುವ ನಮ್ಮ ವಿಮಾನಗಳು ಅರಬ್ಬಿ ಸಮುದ್ರದ ಕಡೆಯಿಂದ ಬಳಸಿಕೊಂಡು ಹೋಗಬೇಕಾಯಿತು. ದೂರ ಬದಲಾಗಲಿಲ್ಲ, ಕಾಲ ಬದಲಾಯಿತು.

೫. ೨೦೨೧ರ ಒಂದು ನಿದರ್ಶನ

ಈ ತತ್ತ್ವಗಳನ್ನೆಲ್ಲ ಒಂದೆಡೆ ತೋರಿಸುವ ಯಾನ ೨೦೨೧ರ ಜನವರಿ ತಿಂಗಳಲ್ಲಿ ನಡೆಯಿತು. ಏರ್ ಇಂಡಿಯಾ ಸಂಸ್ಥೆಯ ಬೋಯಿಂಗ್ ೭೭೭ ವಿಮಾನ ಸ್ಯಾನ್ ಫ್ರಾನ್ಸಿಸ್ಕೋ ನಗರದಿಂದ ಎಲ್ಲಿಯೂ ಇಳಿಯದೆ, ಉತ್ತರ ಧ್ರುವದ ಮಾರ್ಗವಾಗಿ ಬೆಂಗಳೂರಿಗೆ ಬಂದಿತು. ಅದನ್ನು ನಡೆಸಿದವರು ನಾಲ್ವರು ಮಹಿಳೆಯರು: ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್. ನಮ್ಮ ಶಾಲೆಯ ಹೆಣ್ಣುಮಕ್ಕಳಿಗೆ ಈ ಹೆಸರುಗಳನ್ನು ಅಧ್ಯಾಪಕರು ಹೇಳಬೇಕೆಂದು ಕೋರುತ್ತೇನೆ.

ವಿಮಾನ ಹೊರಟದ್ದು ಜನವರಿ ೯, ಶನಿವಾರ ರಾತ್ರಿ ಎಂಟೂವರೆಗೆ. ಬೆಂಗಳೂರಿಗೆ ಇಳಿದದ್ದು ಜನವರಿ ೧೧, ಸೋಮವಾರ ಬೆಳಗಿನ ಜಾವ ನಾಲ್ಕಕ್ಕೆ ಮೊದಲೇ. ಗಡಿಯಾರಗಳನ್ನಷ್ಟೇ ನೋಡಿದವನು ಮೂವತ್ತೊಂದು ಗಂಟೆ ಎಂದಾನು. ಹೊರಟ ಹೊತ್ತನ್ನು ನಮ್ಮ ಕಾಲಕ್ಕೆ ತಿರುಗಿಸಿದರೆ ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ಹತ್ತರಿಂದ ಮರುದಿನದ ನಾಲ್ಕರೊಳಗೆ ಎಂದರೆ ಹದಿನೇಳು ಗಂಟೆಗೆ ತುಸು ಮಿಗಿಲು. ನಮ್ಮ ಮಾನದಲ್ಲಿ ನಲವತ್ತಮೂರು ಗಳಿಗೆ.

ಹೋಗುವಾಗಿನ ವಿಚಿತ್ರ ಬೇರೆ. ಬೆಂಗಳೂರಿನಿಂದ ಮಧ್ಯಾಹ್ನ ಎರಡಕ್ಕೆ ಹೊರಟು ಹದಿನಾರು ಗಂಟೆ ಹಾರಿದನೆಂದಿಟ್ಟುಕೊಳ್ಳಿ. ನಮ್ಮ ಕಾಲದಲ್ಲಿ ಅದು ಮರುದಿನ ಬೆಳಿಗ್ಗೆ ಆರು. ಚಳಿಗಾಲದ ಹದಿಮೂರೂವರೆ ಗಂಟೆ ಕಳೆದರೆ ಅಲ್ಲಿ ಹೊರಟ ದಿನದ ಸಂಜೆ ನಾಲ್ಕೂವರೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬ, “ಹಾಗಾದರೆ ಎರಡೂವರೆ ಗಂಟೆಯಲ್ಲಿ ಅಮೆರಿಕ ಸೇರಿದಂತಾಯಿತಲ್ಲ ಸಾರ್!” ಎಂದ. ತರಗತಿ ನಕ್ಕಿತು. ನಾನು ನಗಲಿಲ್ಲ, ನನ್ನ ತಪ್ಪೂ ಅದೇ ಜಾತಿಯದು.

೬. ಹಡಗಿನ ಕಾಲ ಮತ್ತು ಇಂದಿನ ಕಾಲ

ಸ್ವಾಮಿ ವಿವೇಕಾನಂದರು ೧೮೯೨ರಲ್ಲಿ ಮೈಸೂರಿಗೆ ಬಂದು ಮಹಾರಾಜ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದುದು ನಮಗೆಲ್ಲ ತಿಳಿದ ಸಂಗತಿ. ಮರುವರ್ಷ, ೧೮೯೩ರ ಮೇ ೩೧ರಂದು ಅವರು ಮುಂಬಯಿಯಲ್ಲಿ ಹಡಗನ್ನೇರಿ, ಜಪಾನಿನ ಮಾರ್ಗವಾಗಿ ಜುಲೈ ೨೫ರಂದು ಕೆನಡದ ವ್ಯಾಂಕೂವರ್ ಬಂದರನ್ನು ಸೇರಿದರು; ಐವತ್ತೈದು ದಿನ. ಸ್ವತ್ಪ ಕಾಲ ಕಳೆದು, ೧೯೪೮ರ ಜೂನ್ ೮ರಂದು ಏರ್ ಇಂಡಿಯಾದ ಮೊದಲ ಅಂತರರಾಷ್ಟ್ರೀಯ ವಿಮಾನ ಮುಂಬಯಿಯಿಂದ ಕೈರೋ, ಜಿನೀವಾಗಳಲ್ಲಿ ಇಳಿದು ಲಂಡನ್ನಿಗೆ ಹೋಯಿತು. ದೇವನಹಳ್ಳಿಯ ನಿಲ್ದಾಣ ೨೦೦೮ರ ಮೇ ತಿಂಗಳಲ್ಲಿ ತೆರೆಯಿತು. ಅಲ್ಲಿನ ಓಡುದಾರಿ ೪,೦೦೦ ಮೀಟರು ಉದ್ದವಿರುವುದರಿಂದ ಇಂಧನ ತುಂಬಿದ ಭಾರಿ ವಿಮಾನಗಳು ಏಳಬಲ್ಲವು. ಮೈಸೂರಿನ ಮಂಡಕಳ್ಳಿಯ ಓಡುದಾರಿ ೧,೭೪೦ ಮೀಟರು. ದೂರದೇಶಕ್ಕೆ ಹೋಗುವ ವಿಮಾನಗಳಿಗೆ ಅದು ಸಾಲದು. ಆದುದರಿಂದ ನಮ್ಮ ತಾಲ್ಲೂಕುಗಳವರು ಇನ್ನೂರು ಕಿಲೋಮೀಟರಿಗೂ ಮಿಕ್ಕ ರಸ್ತೆಯನ್ನು ಕ್ರಮಿಸಲೇಬೇಕು. ಹದಿನಾಲ್ಕು ಸಾವಿರ ಕಿಲೋಮೀಟರಿಗೆ ಹದಿನೇಳು ಗಂಟೆ. ಉಳಿದ ಇನ್ನೂರು ಚಿಲ್ಲರೆಗೆ ಐದು ಗಂಟೆ!

ಹಡಗಿನ ಕಾಲದಲ್ಲಿ ಮಗ ಬರುವವರೆಗೆ ಕಾಯುವ ಪ್ರಶ್ನೆಯೇ ಇರಲಿಲ್ಲ. ವಿಮಾನದ ವೇಗ ನಮಗೆ ಕಾಯುವ ಆಸೆಯನ್ನು ಕೊಟ್ಟಿದೆ. ಆ ಆಸೆ ಸಾರ್ಥಕವಾಗಬೇಕಾದರೆ ಲೆಕ್ಕ ಸರಿಯಿರಬೇಕು.

೭. ಅಧ್ಯಾಪಕರಿಗೂ ಹಳೆಯ ವಿದ್ಯಾರ್ಥಿಗಳಿಗೂ

ಈಗ ನಾನು ತರಗತಿಯಲ್ಲಿ ಹೇಳಿಕೊಡುವ ಕ್ರಮವನ್ನು ಸಂಗ್ರಹವಾಗಿ ಕೊಡುತ್ತೇನೆ. ಒಂದು: ಹೊತ್ತನ್ನು ಬರೆಯುವಾಗ ಅದು ಯಾವ ಊರಿನ ಹೊತ್ತೆಂಬುದನ್ನು ಜೊತೆಗೇ ಬರೆಯಬೇಕು. ಎರಡು: ಹೊರಟ ಹೊತ್ತನ್ನು ಮೊದಲು ನಮ್ಮ ಕಾಲಕ್ಕೆ ತಿರುಗಿಸಬೇಕು, ತಿರುಗಿಸದೆ ಕೂಡಿಸಬಾರದು. ಮೂರು: ಆಮೇಲೆ ಹಾರಾಟದ ಗಂಟೆಗಳನ್ನು ಕೂಡಿಸಬೇಕು. ನಾಲ್ಕು: ನಿಲ್ದಾಣದಿಂದ ಹೊರಬರುವ ಕಾಲವನ್ನೂ ರಸ್ತೆಯ ಕಾಲವನ್ನೂ ಸೇರಿಸಬೇಕು. ಐದು: ಬಂದ ಉತ್ತರವನ್ನು ಪ್ರಯಾಣಿಕನು ಹೇಳಿದ ಇಳಿಯುವ ಹೊತ್ತಿನೊಡನೆ ತಾಳೆನೋಡಬೇಕು.

ಅಂದಿನ ಲೆಕ್ಕವನ್ನೇ ಈ ಕ್ರಮದಲ್ಲಿ ಮಾಡಿ ನೋಡಿ. ಅಲ್ಲಿನ ಶುಕ್ರವಾರ ರಾತ್ರಿ ಎಂಟು ಎಂದರೆ ಇಲ್ಲಿನ ಶನಿವಾರ ಬೆಳಿಗ್ಗೆ ಒಂಬತ್ತೂವರೆ. ಹದಿನೇಳು ಕೂಡಿಸಿದರೆ ಭಾನುವಾರ ಬೆಳಗಿನ ಜಾವ ಎರಡೂವರೆ. ಹೊರಬರಲು ಒಂದೂವರೆ, ರಸ್ತೆಗೆ ಐದು, ಬೆಳಿಗ್ಗೆ ಒಂಬತ್ತು. ಮಗ ಬಂದದ್ದು ಸರಿಯಾಗಿ ಆಗಲೇ. ಇನ್ನೂ ಸುಲಭವಾದ ಸುಳಿವೊಂದು ಚೀಟಿಯಲ್ಲಿಯೇ ಇತ್ತು. ಅದನ್ನು ಬರೆದುಕೊಂಡದ್ದು ಯಾವಾಗ ಎಂದು ನಾನು ಆಮೇಲೆ ಕೇಳಿದೆ. ಶುಕ್ರವಾರ ರಾತ್ರಿ ಒಂಬತ್ತಕ್ಕಂತೆ. ನಮ್ಮೂರಿನ ಎಂಟು ಗಂಟೆ ಕಳೆದುಹೋದ ಮೇಲೆ ‘ಎಂಟಕ್ಕೆ ಹೊರಡುತ್ತೇನೆ’ ಎಂದವನ ಎಂಟು ನಮ್ಮ ಎಂಟಾಗಿರಲು ಹೇಗೆ ಸಾಧ್ಯ? ಈ ಒಂದು ಪ್ರಶ್ನೆಯನ್ನು ಮುಂಜಾನೆಯೇ ಕೇಳಿದ್ದರೆ ಪೆಟ್ಟಿಗೆ ಬರುತ್ತಿತ್ತು. ಮಗ ತಂದೆಯ ಮುಖವನ್ನು ನೋಡುತ್ತಿದ್ದ.

ದೂರದೇಶಗಳಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಊರಿಗೆ ಹೊರಡುವಾಗ, ಅದರಲ್ಲಿಯೂ ಕಷ್ಟಕಾಲದಲ್ಲಿ ಹೊರಡುವಾಗ, ಹೊರಡುವ ಹೊತ್ತನ್ನು ಹೇಳದಿದ್ದರೂ ಚಿಂತೆಯಿಲ್ಲ. ಬೆಂಗಳೂರಿಗೆ ಇಳಿಯುವ ವಾರ, ತಾರೀಖು, ಗಂಟೆಗಳನ್ನು ನಮ್ಮೂರಿನ ಕಾಲದಲ್ಲಿ ಹೇಳಿ, ಕೇಳಿದವರಿಂದ ಮರಳಿ ಹೇಳಿಸಿಕೊಳ್ಳಿ. ಶಾಲೆಗೆ ಉದಾರವಾಗಿ ನೆರವು ನೀಡುತ್ತಿರುವ ದಾನಿಗಳಲ್ಲಿ ಮತ್ತೊಂದು ವಿನಂತಿ. ನಮ್ಮ ಶಾಲೆಯಲ್ಲಿ ಇರುವುದು ಒಂದೇ ಗೋಳ. ತರಗತಿಗೊಂದು ಗೋಳವೂ ಒಂದು ಉಂಡೆ ದಾರವೂ ದೊರೆತರೆ, ಈ ಪಾಠವನ್ನು ಎಲ್ಲ ಮಕ್ಕಳೂ ತಮ್ಮ ಕೈಯಿಂದಲೇ ಕಲಿಯಬಲ್ಲರು.

ಆ ಮಗ ವರ್ಷಕ್ಕೊಮ್ಮೆ ಬರುತ್ತಾನೆ. ಹೊರಡುವ ಮೊದಲು ತಾಯಿಗೆ ಕರೆಮಾಡಿ, ಆಮೇಲೆ ನನಗೂ ಕರೆಮಾಡುತ್ತಾನೆ. “ಮೇಷ್ಟ್ರೇ, ನಮ್ಮೂರಿನ ಗಡಿಯಾರದಲ್ಲಿ ಇಂಥ ದಿನ ಇಂಥ ಹೊತ್ತಿಗೆ ಇಳಿಯುತ್ತೇನೆ” ಎನ್ನುತ್ತಾನೆ. ನಾನು ಕಾಗದದ ಮೇಲೆ ಗುಣಿಸಿ ತಾಳೆನೋಡಿ, ಸರಿಯಪ್ಪ ಎನ್ನುತ್ತೇನೆ. ಅವನ ತಾಯಿ ಆ ಹೊತ್ತಿಗೆ ಒಲೆಯ ಮೇಲೆ ನೀರಿಡುತ್ತಾರೆ.